ತಾತನ ಪದಪೆಟ್ಟಿಗೆ: ನೈಸ್ ಎಂಬ ಹಳೆಯ ದಡ್ಡ

ಕಳೆದ ಭಾನುವಾರ ಮೊಮ್ಮಗಳು ಮುಖ ಊದಿಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಏಳನೆಯ ತರಗತಿಯ ಹುಡುಗಿ. ಹಂಪಿ ಪ್ರವಾಸದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಪ್ರಬಂಧ ಬರೆದಿದ್ದಳಂತೆ. ಪುಟದ ತುಂಬ ಕೆಂಪು ಶಾಯಿಯ ಸುತ್ತುಗಳು. ಎಣಿಸಿದೆ, ಹನ್ನೊಂದು. ಬಸ್ಸು ನೈಸ್, ಇಡ್ಲಿ ನೈಸ್, ಕಲ್ಲಿನ ರಥ ನೈಸ್, ತುಂಗಭದ್ರೆ ನೈಸ್, ಕೊನೆಗೆ ಸೂರ್ಯಾಸ್ತವೂ ನೈಸ್. ಕೆಳಗೆ ಟೀಚರ್ ಬರೆದಿದ್ದರು, ಬೇರೆ ಪದವೇ ಸಿಗಲಿಲ್ಲವೇ ಎಂದು.

"ತಾತ, ನೈಸ್ ಅನ್ನೋದು ಕೆಟ್ಟ ಪದಾನಾ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವಳ ಅಜ್ಜಿಯ ದನಿ ಬಂತು. "ಪುಟ್ಟಿ, ಇಲ್ಲಿ ಬಾ. ಈ ಚಟ್ನಿ ಇನ್ನೂ ತರಿತರಿಯಾಗಿದೆ. ಮಿಕ್ಸಿಗೆ ಹಾಕಿ ಸ್ವಲ್ಪ ನೈಸಾಗಿ ರುಬ್ಬಿಕೊಡು."

ಹನ್ನೆರಡನೆಯ ನೈಸ್! ಮೊಮ್ಮಗಳು ನಕ್ಕುಬಿಟ್ಟಳು. ನಾನು ಮಾತ್ರ ನಗಲಿಲ್ಲ. ಈ ಪದದೊಂದಿಗೆ ನನ್ನದೊಂದು ಹಳೆಯ ಲೆಕ್ಕ ಬಾಕಿ ಇದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಅವಳಿಗೆ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ.

ಮಕ್ಕಳೇ, ಇಂದಿಗೆ ಸುಮಾರು ಏಳು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಯಾರಾದರೂ ನಿಮ್ಮನ್ನು ನೈಸ್ ಎಂದು ಕರೆದಿದ್ದರೆ ನೀವು ಜಗಳಕ್ಕೆ ನಿಲ್ಲಬೇಕಾಗುತ್ತಿತ್ತು. ಆಗ ಆ ಪದಕ್ಕೆ ದಡ್ಡ, ತಿಳಿಗೇಡಿ ಎಂಬ ಅರ್ಥವಿತ್ತು.

ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ 'ನೆ' ಎಂದರೆ ಇಲ್ಲ, 'ಸ್ಕಿರೆ' ಎಂದರೆ ತಿಳಿಯುವುದು. ಎರಡೂ ಸೇರಿ 'ನೆಸ್ಕಿಯುಸ್', ಏನೂ ತಿಳಿಯದವನು. ಅದೇ 'ಸ್ಕಿರೆ'ಯಿಂದ ಹುಟ್ಟಿದ ಇನ್ನೊಂದು ಪದ ನಿಮಗೆಲ್ಲ ಗೊತ್ತು. ಶಾಲೆಯ ವೇಳಾಪಟ್ಟಿಯಲ್ಲೇ ಇದೆ, ಸೈನ್ಸ್! ಅಂದರೆ ನೈಸ್ ಮತ್ತು ಸೈನ್ಸ್ ಒಂದೇ ಮನೆಯ ಮಕ್ಕಳು. ಒಬ್ಬ ತಿಳಿದವನು, ಇನ್ನೊಬ್ಬ ತಿಳಿಯದವನು. ನಮ್ಮಲ್ಲೂ ಇಂಥದೇ ಜೋಡಿಯೊಂದಿದೆ, ನೋಡಿ. ತಿಳಿಯುವುದು ಎಂಬ ಅರ್ಥದ 'ಜ್ಞಾ' ಧಾತುವಿನಿಂದಲೇ ವಿಜ್ಞಾನವೂ ಬಂತು, ಅಜ್ಞನೂ ಬಂದ.

ಲ್ಯಾಟಿನ್ನಿನ ಆ ಪದ ಸವೆದು ಸವೆದು ಹಳೆಯ ಫ್ರೆಂಚಿನಲ್ಲಿ ನೈಸ್ ಆಯಿತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದುಕೊಂಡ. ಅಲ್ಲಿಂದ ಮುಂದೆ ಬಹುಕಾಲ ಅರಮನೆಯಲ್ಲಿ, ನ್ಯಾಯಸ್ಥಾನದಲ್ಲಿ ಫ್ರೆಂಚಿನದೇ ದರ್ಬಾರು. ರಾಜರ ಮನೆಯ ಪದಗಳು ಜನರ ಬಾಯಿಗೂ ಇಳಿದವು. ಹಾಗೆ ಇಳಿದ ಸಾವಿರಾರು ಪದಗಳಲ್ಲಿ ಇದೂ ಒಂದು. ಇಂಗ್ಲಿಷಿನ ಆದಿಕವಿಗಳಲ್ಲಿ ಒಬ್ಬನಾದ ಚಾಸರ್ 1400ರಲ್ಲಿ ತೀರಿಕೊಂಡ. ಅವನ ಬರಹದಲ್ಲಿ ನೈಸ್ ಇನ್ನೂ ದಡ್ಡನಾಗಿಯೇ ಇದ್ದಾನೆ.

ಆಮೇಲೆ ಶುರುವಾಯಿತು ಅವನ ತಿರುಗಾಟ. ದಡ್ಡನಾದವನು ಅತಿಯಾಗಿ ಅಲಂಕಾರ ಮಾಡಿಕೊಳ್ಳುತ್ತಾನೆ, ಹಾಗಾಗಿ ಶೋಕಿಲಾಲ. ಶೋಕಿಲಾಲನಿಗೆ ಯಾವುದೂ ಸುಲಭಕ್ಕೆ ಒಪ್ಪಿಗೆಯಾಗದು, ಹಾಗಾಗಿ ತಟ್ಟೆಯಲ್ಲಿರುವ ಸಾಸಿವೆಯನ್ನೂ ಹೆಕ್ಕಿ ಪಕ್ಕಕ್ಕಿಡುವ ನಾಜೂಕುಗಾರ. ಅಷ್ಟು ಚಿಕ್ಕದನ್ನೂ ಕಾಣಬಲ್ಲವನು ಎಂದ ಮೇಲೆ ಸೂಕ್ಷ್ಮದೃಷ್ಟಿಯವನು, ಕರಾರುವಾಕ್ಕಾದವನು. ನಾನು ಹೇಳಿದಷ್ಟು ಸಾಲಾಗಿ ಇದೆಲ್ಲ ನಡೆಯಲಿಲ್ಲ ಅನ್ನಿ. ಹದಿನಾರು, ಹದಿನೇಳನೆಯ ಶತಮಾನದಲ್ಲಿ ಇಷ್ಟೂ ಅರ್ಥಗಳು ಒಂದೇ ಸಂತೆಯಲ್ಲಿ ಓಡಾಡುತ್ತಿದ್ದವು. ಆ ಕಾಲದ ಪುಸ್ತಕದಲ್ಲಿ ನೈಸ್ ಕಂಡರೆ ಯಾವ ಅರ್ಥದ್ದೆಂದು ನಿಘಂಟು ಮಾಡುವವರೇ ತಲೆ ಕೆರೆದುಕೊಳ್ಳುತ್ತಾರೆ.

ಷೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದಲ್ಲಿ ಪಾದ್ರಿಯೊಬ್ಬ ರೋಮಿಯೋಗೆ ಬರೆದ ಪತ್ರ ದಾರಿಯಲ್ಲೇ ನಿಂತುಹೋಗುತ್ತದೆ. ಅಯ್ಯೋ, ಆ ಪತ್ರ ನೈಸ್ ಆಗಿರಲಿಲ್ಲವಲ್ಲ ಎಂದು ಪಾದ್ರಿ ಕಂಗಾಲಾಗುತ್ತಾನೆ. ಪತ್ರ ಚೆನ್ನಾಗಿರಲಿಲ್ಲ ಎಂದಲ್ಲ! ಅದು ಕ್ಷುಲ್ಲಕ ಸಂಗತಿಯದಾಗಿರಲಿಲ್ಲ, ಪ್ರಾಣಕ್ಕೆ ಸಂಬಂಧಿಸಿದ್ದು ಎಂದು. ಹೌದು, ಕ್ಷುಲ್ಲಕ ಎಂಬ ಅರ್ಥವೂ ಒಂದು ಕಾಲಕ್ಕೆ ಇತ್ತು.

ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ನೈಸ್ ಹಿತವಾದ, ಸೊಗಸಾದ ಎಂಬಲ್ಲಿಗೆ ಬಂದು ಕೂತಿತ್ತು. ಆಮೇಲೆ ಅದು ಎಲ್ಲರ ಬಾಯಲ್ಲೂ ಎಲ್ಲದಕ್ಕೂ. ಜೇನ್ ಆಸ್ಟಿನ್ ಎಂಬ ಲೇಖಕಿ 1817ರಲ್ಲಿ ತೀರಿಕೊಂಡ ಮೇಲೆ ಅದೇ ವರ್ಷದ ಕೊನೆಯಲ್ಲಿ ಅವಳ 'ನಾರ್ತ್ಯಾಂಗರ್ ಆಬಿ' ಕಾದಂಬರಿ ಹೊರಬಂತು. ಅದರಲ್ಲಿ ಕ್ಯಾಥರೀನ್ ಎಂಬ ಹದಿನೇಳರ ಹುಡುಗಿ ಒಂದು ಪುಸ್ತಕವನ್ನು ನೈಸ್ ಎಂದು ಹೊಗಳುತ್ತಾಳೆ. ಜೊತೆಯಲ್ಲಿದ್ದ ಹೆನ್ರಿಗೆ ಕೀಟಲೆ ಮಾಡುವ ಚಟ. ಓಹೋ, ಅಂದವಾಗಿದೆ ಎಂದಿರಬೇಕು, ಅದು ರಟ್ಟನ್ನು ಅವಲಂಬಿಸಿದ್ದು ಎನ್ನುತ್ತಾನೆ. ಈ ಒಂದು ಪದವಿದ್ದರೆ ಹವೆಯನ್ನೂ ಹೊಗಳಬಹುದು, ನಡಿಗೆಯನ್ನೂ ಹೊಗಳಬಹುದು, ಹೆಣ್ಣುಮಕ್ಕಳನ್ನೂ ಹೊಗಳಬಹುದು ಎಂದು ರೇಗಿಸುತ್ತಾನೆ. ಆಗ ಅವನ ತಂಗಿ ಎಲೆನರ್ ಅಣ್ಣನ ಕಿವಿ ಹಿಂಡುತ್ತಾಳೆ. ನೀನು ನೈಸ್ ಹೌದು, ಆದರೆ ಅಷ್ಟು ವಿವೇಕಿಯಲ್ಲ ಎಂಬ ಅರ್ಥದಲ್ಲಿ. ಇಲ್ಲಿ ಆ ಚತುರೆ ಬಳಸಿದ್ದು ಹಳೆಯ ಅರ್ಥ, ಎಲ್ಲದರಲ್ಲೂ ಕೊಂಕು ಹುಡುಕುವವನು ಎಂದು! ಇನ್ನೂರು ವರ್ಷಗಳ ಹಿಂದೆಯೇ ನಮ್ಮ ಟೀಚರ ಕೆಂಪು ಶಾಯಿ ಹೆನ್ರಿಯ ಕೈಯಲ್ಲಿತ್ತು ಎಂದು ಹೇಳಿದ ಮೇಲೆ ಮೊಮ್ಮಗಳ ಮುಖ ಸ್ವಲ್ಪ ಅರಳಿತು.

ಈಗ ನನ್ನ ಲೆಕ್ಕ.

ಓದು ಮುಗಿದ ಹೊಸತು. ತಾಲ್ಲೂಕು ಊರೊಂದರಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೆ. ಇಂಗ್ಲಿಷ್ ಬರುತ್ತದೆಂಬ ಜಂಭ ಬೇರೆ. ರೈತರೊಬ್ಬರ ಬಾವಿಯ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋಗಿತ್ತು. ಎದುರಾಳಿ ಅವರ ಚಿಕ್ಕಪ್ಪನ ಮಗ. ಒಂದು ದಿನ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಂಡ ಆದೇಶದ ನಕಲು ಬಂತು. ವಕೀಲರು ಊರಲ್ಲಿರಲಿಲ್ಲ. "ಏನ್ ಬರ್ದವ್ರೆ, ಸ್ವಾಮಿ?" ಎಂದು ರೈತರು ನನ್ನನ್ನೇ ಕೇಳಿದರು. ಅದರಲ್ಲಿ ಒಂದು ಸಾಲಿತ್ತು. ಈ ಮೇಲ್ಮನವಿ ಕಾನೂನಿನ ಒಂದು 'ನೈಸ್ ಕ್ವೆಶ್ಚನ್' ಎತ್ತಿದೆ ಎಂದು. ನಾನು ಎದೆ ಉಬ್ಬಿಸಿ ಹೇಳಿದೆ, "ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು ಅಂದಿದ್ದಾರೆ ಜಡ್ಜು."

ಮರುದಿನ ಅವರು ಒಂದು ಗೊನೆ ಬಾಳೆಹಣ್ಣು ತಂದು ಆಫೀಸಿನಲ್ಲಿ ಎಲ್ಲರಿಗೂ ಹಂಚಿದರು. ನಾನೂ ಎರಡು ತಿಂದೆ.

ವಕೀಲರು ಬಂದ ಮೇಲೆ ವಿಷಯ ತಿಳಿದು ಹಣೆ ಚಚ್ಚಿಕೊಂಡರು. "ಅಯ್ಯಾ, ಕೋರ್ಟಿನ ಇಂಗ್ಲಿಷಿನಲ್ಲಿ ನೈಸ್ ಅಂದರೆ ಒಳ್ಳೆಯದು ಅಲ್ಲ. ಕೂದಲೆಳೆಯಷ್ಟು ಸೂಕ್ಷ್ಮವಾದದ್ದು ಅಂತ. ಆ ಕಡೆಗೂ ವಾಲಬಹುದು, ಈ ಕಡೆಗೂ ವಾಲಬಹುದು." ಹಳೆಯ ಅರ್ಥ ಬೇರೆಲ್ಲ ಕಡೆ ಮಾಸಿದ್ದರೂ ಕಾನೂನಿನ ಪುಸ್ತಕದಲ್ಲಿ ಬೆಚ್ಚಗೆ ಉಳಿದಿತ್ತು. ನನಗೆ ಗೊತ್ತಿರಲಿಲ್ಲ. ಆವತ್ತು ನೈಸ್ ಆಗಿದ್ದವನು, ಚಾಸರನ ಅರ್ಥದಲ್ಲಿ, ನಾನೇ.

ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಹಿಂದಿನ ದಿನ ಸಂಜೆಯೇ ಆ ದಾಯಾದಿ ರಾಜಿಗೆ ಬಂದಿದ್ದನಂತೆ. ವಾರದಲ್ಲಿ ಮೂರು ದಿನ ನೀರು ನಿನಗೆ, ಕೋರ್ಟು ಬೇಡ ಎಂದಿದ್ದನಂತೆ. ಜಡ್ಜೇ ನನ್ನ ಕಡೆ ಇದ್ದಾರೆ ಎಂದು ಇವರು ಬಾಗಿಲು ಹಾಕಿಕೊಂಡಿದ್ದರು. ನಾನು ಸೈಕಲ್ ಹತ್ತಿ ಅವರ ಊರಿಗೆ ಹೋಗಿ ತಪ್ಪು ಹೇಳಿದೆನೆಂದು ಒಪ್ಪಿಕೊಂಡೆ. ಅವರು ಮಾತಾಡಲಿಲ್ಲ. ದಾಯಾದಿಯ ಮನೆಗೂ ಹೋದೆ. ಅವನಿಗೆ ಅವಮಾನವಾಗಿತ್ತು, ಇನ್ನು ರಾಜಿಯ ಮಾತೇ ಇಲ್ಲ ಎಂದ. ಒಂದೂವರೆ ವರ್ಷದ ಮೇಲೆ ತೀರ್ಪು ಅವನ ಕಡೆಗೇ ಆಯಿತು. ಆ ಬೇಸಿಗೆ ರೈತರ ತೋಟದ ಎಳೆಯ ತೆಂಗಿನ ಸಸಿಗಳು ಒಣಗಿ ನಿಂತದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅಲ್ಲಿಂದಾಚೆ ಗೊತ್ತಿರುವ ಪದಕ್ಕೂ ನಿಘಂಟು ತೆರೆಯುವ ಅಭ್ಯಾಸ ನನಗೆ ಅಂಟಿಕೊಂಡಿತು. ಮನೆಯವರು ಅದನ್ನು ತಾತನ ಹುಚ್ಚು ಎನ್ನುತ್ತಾರೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಹಾಗಾದ್ರೆ ಅಜ್ಜಿ ಹೇಳಿದ ನೈಸು ಯಾವುದು?"

ಒಳ್ಳೆಯ ಪ್ರಶ್ನೆ. (ಸೂಕ್ಷ್ಮವಾದದ್ದೂ ಹೌದು!) ಚಟ್ನಿಯನ್ನು ನೈಸಾಗಿ ರುಬ್ಬು ಎಂದರೆ ನುಣ್ಣಗೆ, ಒಂದು ತರಿಯೂ ನಾಲಿಗೆಗೆ ಸಿಗದಂತೆ. ನಮ್ಮ ಒರಳಿಗೆ ಒಗ್ಗಿದ ಈ ಅರ್ಥ ಸೊಗಸು ಎಂಬುದಕ್ಕಿಂತ ಸೂಕ್ಷ್ಮ ಎಂಬ ಆ ಹಳೆಯದಕ್ಕೇ ಹತ್ತಿರ. ಇನ್ನು ಕೆಲಸ ಸಾಧಿಸಲು ನಯವಾಗಿ ಮಾತಾಡುವವರನ್ನು "ನೈಸ್ ಮಾಡ್ತಾನೆ" ಎನ್ನುತ್ತೇವಲ್ಲ, ಅದಂತೂ ಪೂರ್ತಿ ನಮ್ಮದೇ ಸಂಪಾದನೆ. ಫ್ರಾನ್ಸಿನ ಕಡಲತೀರದಲ್ಲಿ ಇದೇ ನಾಲ್ಕು ಅಕ್ಷರಗಳ ಒಂದು ಊರಿದೆ. ಅದನ್ನು ನೀಸ್ ಎನ್ನಬೇಕು. ಗ್ರೀಕರ ಗೆಲುವಿನ ಪದದಿಂದ ಬಂದ ಹೆಸರು ಅದು, ನಮ್ಮ ದಡ್ಡನಿಗೆ ನೆಂಟನಲ್ಲ.

ದಡ್ಡನಿಂದ ಮುದ್ದಾದವನಾಗುವ ಈ ಪ್ರಯಾಣ ಇಂಗ್ಲಿಷಿಗೆ ಮಾತ್ರ ಮೀಸಲಲ್ಲ. ನಾವು ಮಗುವಿನ ನಗುವನ್ನು ಮುಗ್ಧ ನಗು ಎನ್ನುತ್ತೇವೆ. ಸಂಸ್ಕೃತದಲ್ಲಿ 'ಮುಹ್' ಎಂದರೆ ದಿಕ್ಕುತೋಚದಂತಾಗುವುದು. ಅದರಿಂದಲೇ ಮೋಹ, ಅದರಿಂದಲೇ ಮೂಢ, ಅದರಿಂದಲೇ ಮುಗ್ಧ. ಮೂಢ ಬೈಗುಳವಾಗಿಯೇ ಉಳಿದ, ಅವನ ಒಡಹುಟ್ಟಾದ ಮುಗ್ಧ ಮುದ್ದಿಗೆ ಬಂದ. ಇಳಿಜಾರಿನಲ್ಲಿ ಜಾರಿದವರೂ ಇದ್ದಾರೆ. ಪೆದ್ದ ಎಂಬರ್ಥದ ಇಂಗ್ಲಿಷಿನ 'ಸಿಲ್ಲಿ' ಒಂದು ಕಾಲಕ್ಕೆ ಧನ್ಯ, ದೇವರ ಕೃಪೆ ಪಡೆದವ ಎಂಬ ದೊಡ್ಡ ಪದವಾಗಿತ್ತು. ಜರ್ಮನ್ನಿನಲ್ಲಿ ಅದರ ದಾಯಾದಿ 'ಜೇಲಿಗ್' ಇವತ್ತಿಗೂ ಧನ್ಯನೇ.

ಸಂಜೆ ಮೊಮ್ಮಗಳು ಪ್ರಬಂಧವನ್ನು ಮತ್ತೆ ಬರೆದಳು. ತುಂಗಭದ್ರೆಗೆ ಬಂಡೆಗಳ ನಡುವೆ ಹರಿಯುವ ಸದ್ದು ಬಂತು, ಇಡ್ಲಿಗೆ ಬಿಸಿ ಬಂತು, ರಥದ ಕಲ್ಲಿನ ಚಕ್ರಕ್ಕೆ ಕೆತ್ತನೆಯ ಹೂಗಳು ಬಂದವು. ಹನ್ನೊಂದರಲ್ಲಿ ಹತ್ತನ್ನು ಹೊಡೆದುಹಾಕಿ ಒಂದನ್ನು ಉಳಿಸಿಕೊಂಡಿದ್ದಳು. ವಾಂತಿಯಾಗಿ ಅಳುತ್ತಿದ್ದ ಗೆಳತಿಗೋಸ್ಕರ ಬಸ್ಸು ನಿಲ್ಲಿಸಿ, ತಾನೇ ಇಳಿದು ನೀರು ತಂದುಕೊಟ್ಟ ಡ್ರೈವರ್ ಮಾಮನಿಗೆ.

ಮುಂದಿನ ವಾರಕ್ಕೆ ನಿಮಗೊಂದು ಕೆಲಸ. ಅಜ್ಜ ಅಜ್ಜಿ ಒಂದು ಅರ್ಥದಲ್ಲಿ, ನೀವು ಇನ್ನೊಂದು ಅರ್ಥದಲ್ಲಿ ಬಳಸುವ ಪದವೊಂದನ್ನು ಹುಡುಕಿ, ಇಬ್ಬರೂ ಕೂತು ಕಾರ್ಡಿನಲ್ಲಿ ಬರೆದು ಕಳುಹಿಸಿ. ಅಕ್ಷರ ದುಂಡಗಿರಲಿ, ತಾತನ ಕನ್ನಡಕ ಹಳೆಯದು.