ಶಾಲೆಯಲ್ಲಿ ತಪಾಸಣೆ ಮುಗಿಯಿತು, ಚೀಟಿ ಎಲ್ಲಿ ಹೋಯಿತು?

ವರ್ಷಕ್ಕೊಮ್ಮೆ ಶಾಲೆಗೆ ಆರೋಗ್ಯ ತಪಾಸಣೆಯವರು ಬರುತ್ತಾರೆ. ತೂಕ, ಎತ್ತರ ಬರೆದುಕೊಳ್ಳುತ್ತಾರೆ. ಕಣ್ಣು, ಕಿವಿ, ಹಲ್ಲು ನೋಡುತ್ತಾರೆ. ತೊಂದರೆ ಕಂಡ ಮಗುವಿನ ಕೈಗೆ "ಆಸ್ಪತ್ರೆಗೆ ತೋರಿಸಿ" ಎಂದು ಚೀಟಿ ಕೊಡುತ್ತಾರೆ. ರಿಜಿಸ್ಟರಿನಲ್ಲಿ ಆ ಮಗುವಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಚೀಟಿ? ಅದು ಬ್ಯಾಗಿನ ತಳದಲ್ಲಿ, ಹಳೆಯ ನೋಟ್‌ಬುಕ್ಕಿನ ನಡುವೆ ಮುದ್ದೆಯಾಗಿ ಬಿದ್ದಿರುತ್ತದೆ.

ಶಾಲಾ ಆರೋಗ್ಯ ಯೋಜನೆಗಳ ಬಗ್ಗೆ ಮಾತು ಬಂದಾಗಲೆಲ್ಲ "ಸರಕಾರ ಏನೂ ಮಾಡುತ್ತಿಲ್ಲ" ಎನ್ನುವುದು ರೂಢಿ. ಅದು ಪೂರ್ತಿ ಸತ್ಯವಲ್ಲ. ಯೋಜನೆಗಳು ಇವೆ, ಹಣವೂ ಇದೆ. ಶಾಲೆಯಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿ ಮಾತ್ರ ನಡುವಲ್ಲೇ ತುಂಡಾಗಿದೆ. ತಲಪಾಡಿ ಗಡಿಯಿಂದ ಆಚೆಗಿನ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಏನೇನು ಇದೆ?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟಿನಿಂದ 18 ವರ್ಷದ ತನಕದ ಮಕ್ಕಳಲ್ಲಿ ನಾಲ್ಕು ಬಗೆಯ ತೊಂದರೆಗಳನ್ನು ಬೇಗ ಪತ್ತೆ ಹಚ್ಚುವುದು ಇದರ ಉದ್ದೇಶ: ಹುಟ್ಟಿನಿಂದಲೇ ಬಂದ ನ್ಯೂನತೆ, ಕಾಯಿಲೆ, ಪೋಷಕಾಂಶಗಳ ಕೊರತೆ ಮತ್ತು ಬೆಳವಣಿಗೆಯ ವಿಳಂಬ. ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಸಲ, ಶಾಲಾ ಮಕ್ಕಳಿಗೆ ಒಂದು ಸಲ ತಪಾಸಣೆ ಆಗಬೇಕು. ತೊಂದರೆ ಕಂಡರೆ ಮುಂದಿನ ಚಿಕಿತ್ಸೆ ಉಚಿತ. ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳಿಗಾಗಿ ಕೇರಳ ಸರಕಾರದ 'ಹೃದ್ಯಂ' ಯೋಜನೆ ಬೇರೆಯೇ ಇದೆ.

ಇದರ ಜೊತೆಗೆ 10ರಿಂದ 19 ವರ್ಷದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, 1ರಿಂದ 19 ವರ್ಷದವರಿಗೆ ಜಂತುಹುಳದ ಮಾತ್ರೆ. 2020ರಿಂದ ಆಯುಷ್ಮಾನ್ ಭಾರತ್ ಅಡಿಯಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು, ಮಕ್ಕಳಿಗೆ ಆಹಾರ, ಶುಚಿತ್ವ, ಮಾನಸಿಕ ಆರೋಗ್ಯ, ಮಾದಕ ವಸ್ತುಗಳ ಅಪಾಯದ ಪಾಠ ಹೇಳಿಸುವ ಯೋಜನೆಯೂ ಬಂದಿದೆ.

ಕಾಗದದಲ್ಲಿ ಇಷ್ಟೆಲ್ಲ ಇದೆ. ಹಾಗಾದರೆ ಫಲಿತಾಂಶ?

ರಕ್ತಹೀನತೆಯನ್ನೇ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ರಕ್ತಹೀನತೆ ಇದ್ದವರು 2015-16ರಲ್ಲಿ ಶೇ. 54.1. 2019-21ರ ಹೊತ್ತಿಗೆ ಅದು ಶೇ. 59.1ಕ್ಕೆ ಏರಿತು. ಅದೇ ವಯಸ್ಸಿನ ಹುಡುಗರಲ್ಲೂ ಶೇ. 31.1. ಅಂದರೆ ಶಾಲೆಯಲ್ಲಿ ಮಾತ್ರೆ ಹಂಚುತ್ತಿದ್ದ ಕಾಲದಲ್ಲೇ ರಕ್ತಹೀನತೆ ಹೆಚ್ಚಾಗಿದೆ. ಮಾತ್ರೆ ಹಂಚುವುದು ಬೇರೆ, ಅದು ಮಗುವಿನ ಹೊಟ್ಟೆಗೆ ಹೋಗುವುದು ಬೇರೆ.

ಕಿವಿಗೆ ಅರ್ಥ, ಕಣ್ಣಿಗೆ ಅಲ್ಲ

ಕಾಸರಗೋಡಿನ ಗಡಿನಾಡಿನಲ್ಲಿ ಮೊದಲ ತೊಡಕು ಭಾಷೆಯದ್ದು. ಬ್ಯಾರಿ ಮಾತಾಡುವ ಉಮ್ಮನಿಗೆ ನರ್ಸ್ ಹೇಳುವ ಮಲಯಾಳಂ ಕಿವಿಗೆ ಅರ್ಥವಾಗುತ್ತದೆ. ಆದರೆ ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳಂ ಅಥವಾ ಇಂಗ್ಲಿಷಿನಲ್ಲಿರುವ ಚೀಟಿ ಓದಲಾಗದು. ಉಪ್ಪ ಗಲ್ಫಿನಲ್ಲಿದ್ದರೆ ಚೀಟಿಯ ಫೋಟೋ ವಾಟ್ಸ್ಯಾಪ್‌ನಲ್ಲಿ ಅಲ್ಲಿಗೆ ಹೋಗುತ್ತದೆ. "ಮುಂದಿನ ಸಲ ಬಂದಾಗ ನೋಡೋಣ" ಎಂಬ ಉತ್ತರ ಬರುತ್ತದೆ. ಮುಂದಿನ ಸಲ ಅಂದರೆ ಒಂದೋ ಎರಡೋ ವರ್ಷ. ಕಣ್ಣು ಮಂಜಾದ ಮಗು ಅಷ್ಟು ದಿನವೂ ಕಪ್ಪು ಹಲಗೆ ಕಾಣದೆ ಕೂರುತ್ತದೆ, "ಓದಿನಲ್ಲಿ ಹಿಂದೆ" ಎಂಬ ಹಣೆಪಟ್ಟಿ ಹೊತ್ತುಕೊಳ್ಳುತ್ತದೆ.

ಎರಡನೆಯದು ದೂರ. ಮಂಜೇಶ್ವರದವರಿಗೆ ಜಿಲ್ಲಾ ಆಸ್ಪತ್ರೆ ಇರುವುದು ಕಾಞಂಗಾಡಿನಲ್ಲಿ, ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಮಂಗಳೂರು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಜನ ಮಂಗಳೂರಿಗೇ ಹೋಗುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಶಾಲೆಯ ಚೀಟಿಗೆ ಸಿಗುವ ಉಚಿತ ಚಿಕಿತ್ಸೆಯ ದಾರಿ ಇರುವುದು ಕೇರಳದ ವ್ಯವಸ್ಥೆಯಲ್ಲಿ. ಗಡಿ ದಾಟಿದರೆ ಕೈಯಿಂದ ಖರ್ಚು. ಅಷ್ಟು ಹಣ ಇಲ್ಲದವರು ಎರಡೂ ಕಡೆ ಹೋಗುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಒಂದೇ ಕಡೆಯ ಆಸ್ಪತ್ರೆಗಳನ್ನು ನಂಬಿಕೊಂಡರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಾಗಿತ್ತು.

ಮೂರನೆಯದು ನಾಚಿಕೆ. "ಹುಡುಗಿಗೆ ಈಗಲೇ ಕನ್ನಡಕ ಹಾಕಿಸಿದರೆ ನಾಳೆ ಮದುವೆಗೆ ತೊಂದರೆ" ಎನ್ನುವ ಮಾತು ಇಂದಿಗೂ ಕೇಳಿಬರುತ್ತದೆ. ಕಿವಿ ಮಂದವಾದ ಹುಡುಗನಿಗೆ "ಉದಾಸೀನ ಜಾಸ್ತಿ" ಎಂದು ಏಟು ಬೀಳುತ್ತದೆ. ಮನಸ್ಸಿನ ತೊಂದರೆಯಂತೂ ಬಾಯಿಗೇ ಬರುವುದಿಲ್ಲ.

ಪಟ್ಟಿಯ ಹೊರಗೆ ಉಳಿದ ಮಕ್ಕಳು

ಇನ್ನೊಂದು ವಿಷಯ ಸಮುದಾಯದ ಶಿಕ್ಷಣ ಸಂಸ್ಥೆಗಳು ಗಮನಿಸಬೇಕಾದ್ದು. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶಾಲಾ ತಪಾಸಣೆ ಇರುವುದು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಕಳೆದ ಎರಡು ಮೂರು ದಶಕಗಳಲ್ಲಿ ಗಡಿಯ ಎರಡೂ ಬದಿ ಸಮುದಾಯ ಕಟ್ಟಿದ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಹೆಚ್ಚಿನವು ಅನುದಾನರಹಿತ. ಮಗುವನ್ನು "ಒಳ್ಳೆಯ ಶಾಲೆಗೆ" ಸೇರಿಸಿದ ಹೆತ್ತವರಿಗೆ, ತಮ್ಮ ಮಗು ಈ ತಪಾಸಣೆಯ ಪಟ್ಟಿಯಿಂದ ಹೊರಬಿತ್ತು ಎಂಬುದೇ ಗೊತ್ತಿರುವುದಿಲ್ಲ. ಅಲ್ಲಿ ತಪಾಸಣೆ ಮಾಡಿಸುವುದು ಆಡಳಿತ ಮಂಡಳಿಯದೇ ಹೊಣೆ. ಕಟ್ಟಡಕ್ಕೆ, ಬಸ್ಸಿಗೆ, ವಾರ್ಷಿಕೋತ್ಸವಕ್ಕೆ ಹಣ ಹೊಂದಿಸುವವರಿಗೆ ವರ್ಷಕ್ಕೊಂದು ಕಣ್ಣಿನ ತಪಾಸಣೆ ದೊಡ್ಡ ಖರ್ಚೇನಲ್ಲ.

ಮಾತ್ರೆ, ಮದ್ರಸ, ಬೆಳಗ್ಗಿನ ಚಹಾ

ಕಬ್ಬಿಣಾಂಶದ ಮಾತ್ರೆಯನ್ನು ಖಾಲಿ ಹೊಟ್ಟೆಗೆ ತಿಂದರೆ ವಾಕರಿಕೆ, ಹೊಟ್ಟೆನೋವು ಬರಬಹುದು. ಮಲ ಕಪ್ಪಾಗುತ್ತದೆ. ಅದು ಅಪಾಯವಲ್ಲ, ಆದರೆ ಮೊದಲೇ ಹೇಳದಿದ್ದರೆ ಮಗು ಹೆದರುತ್ತದೆ. ಮರುದಿನ ಮಾತ್ರೆ ಕಿಟಕಿಯಾಚೆ.

ಬೆಳಗ್ಗೆ ಬೇಗ ಮದ್ರಸಕ್ಕೆ ಓಡುವ ಎಷ್ಟೋ ಮಕ್ಕಳ ನಾಷ್ಟಾ ಒಂದು ಗ್ಲಾಸ್ ಚಹಾ, ಎರಡು ಬಿಸ್ಕಿಟ್. ಅಲ್ಲಿಂದ ನೇರ ಶಾಲೆ. ಹೊಟ್ಟೆಗೆ ಸರಿಯಾಗಿ ಬೀಳುವುದು ಮಧ್ಯಾಹ್ನದ ಬಿಸಿಯೂಟವೇ. ಊಟದ ಜೊತೆ ಕುಡಿಯುವ ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ಲಿಂಬೆ, ನೆಲ್ಲಿಕಾಯಿ ನೆರವಾಗುತ್ತವೆ. ಇದನ್ನು ಮನೆಗೆ ಮುಟ್ಟಿಸಲು ಮದ್ರಸದ ಉಸ್ತಾದರಿಗಿಂತ ಒಳ್ಳೆಯ ದಾರಿ ಯಾವುದು? ರಮಝಾನ್ ಉಪವಾಸದ ತಿಂಗಳಲ್ಲಿ ಮಾತ್ರೆ ನಿಲ್ಲಬೇಕಾಗಿಯೂ ಇಲ್ಲ, ಇಫ್ತಾರ್ ಬಳಿಕ ರಾತ್ರಿ ಊಟ ಮುಗಿಸಿ ತೆಗೆದುಕೊಳ್ಳಬಹುದು. ಆದರೆ ಅದನ್ನು ಶಾಲೆಯೂ ಹೇಳುವುದಿಲ್ಲ, ಮನೆಯಲ್ಲೂ ಕೇಳುವುದಿಲ್ಲ.

ಹೇಳುವವರು ಇಲ್ಲದಾಗ ಗಾಳಿಸುದ್ದಿ ಆ ಜಾಗ ತುಂಬುತ್ತದೆ. 2017ರ ದಡಾರ-ರುಬೆಲ್ಲಾ ಲಸಿಕಾ ಅಭಿಯಾನದ ವೇಳೆ "ಲಸಿಕೆ ಹಾಕಿಸಿದರೆ ಮಕ್ಕಳಾಗುವುದಿಲ್ಲ" ಎಂಬಂಥ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದ್ದು ನೆನಪಿರಬಹುದು.

ಎಂಡೋಸಲ್ಫಾನ್ ಕಲಿಸಿದ ಪಾಠ

ಮಕ್ಕಳ ಆರೋಗ್ಯದ ಲೆಕ್ಕ ಇಡುವುದು ಯಾಕೆ ಮುಖ್ಯ ಎಂಬುದನ್ನು ಕಾಸರಗೋಡಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆ ಭಾಗದಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಗಮನಿಸಿದವರಲ್ಲಿ ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಒಬ್ಬರು. ಒಂದೊಂದು ಮನೆಯ ದುಃಖವನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಅದು ಊರಿನ ದುಃಖ ಎಂದು ತಿಳಿದದ್ದು. ಸಂತ್ರಸ್ತರಿಗೆ 5 ಲಕ್ಷ ರೂ. ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಶಾಲೆಯ ಆರೋಗ್ಯ ದಾಖಲೆ ಸರಿಯಾಗಿದ್ದರೆ ಇಂಥ ಎಚ್ಚರಿಕೆಯ ಗಂಟೆ ಬೇಗ ಬಾರಿಸುತ್ತದೆ.

ಹಾಗಾದರೆ ಮಾಡಬೇಕಾದ್ದೇನು?

ರಕ್ಷಕ-ಶಿಕ್ಷಕ ಸಭೆಯಲ್ಲಿ ಹೆತ್ತವರು ಕೇಳಬೇಕಾದ್ದು ಮೂರೇ ಪ್ರಶ್ನೆ. ಈ ವರ್ಷ ತಪಾಸಣೆ ಆಯಿತಾ? ಎಷ್ಟು ಮಕ್ಕಳಿಗೆ ಚೀಟಿ ಕೊಟ್ಟರು? ಅವರಲ್ಲಿ ಎಷ್ಟು ಜನ ಆಸ್ಪತ್ರೆಗೆ ಹೋಗಿ ಬಂದರು? ಮೂರನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ತಪಾಸಣೆ ಅರ್ಧಕ್ಕೇ ನಿಂತಿದೆ ಎಂದರ್ಥ. ಕನ್ನಡ ಮಾಧ್ಯಮದ ಮಕ್ಕಳಿಗೆ ಚೀಟಿ ಕನ್ನಡದಲ್ಲೇ ಕೊಡಿ ಎಂದು ಪಂಚಾಯತ್ ಸದಸ್ಯರ ಮೂಲಕ ಕೇಳುವುದು ಭಾಷಾ ಅಲ್ಪಸಂಖ್ಯಾತರ ಹಕ್ಕು, ಭಿಕ್ಷೆಯಲ್ಲ.

ಪ್ರತಿ ಜಮಾಅತ್‌ನಲ್ಲೂ ಓದಿದ ಯುವಕ ಯುವತಿಯರಿದ್ದಾರೆ. ನರ್ಸಿಂಗ್, ಫಾರ್ಮಸಿ ಕಲಿತವರೂ ಇದ್ದಾರೆ. ಚೀಟಿ ಸಿಕ್ಕ ಹತ್ತು ಮಕ್ಕಳ ಹೆಸರು ಬರೆದುಕೊಂಡು, ಉಮ್ಮನ ಜೊತೆ ಕಾಞಂಗಾಡಿಗೋ ಕಾಸರಗೋಡಿಗೋ ಹೋಗಿ ಬಂದರೆ ಸಾಕು. ಊರಿನ ಗಲ್ಫ್ ಕಮಿಟಿಗಳು ಬಸ್ ಚಾರ್ಜು, ಕನ್ನಡಕದ ಹಣ ನೋಡಿಕೊಳ್ಳಬಹುದು. ಮನಸ್ಸಿನ ತೊಂದರೆಗೆ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಉಚಿತವಾಗಿ ಮಾತಾಡಬಹುದು. ಕೇರಳದಲ್ಲಿ 'ದಿಶಾ' ಸಹಾಯವಾಣಿಯ ನಂಬರ್ 1056. ಈ ಎರಡು ನಂಬರುಗಳು ಮದ್ರಸದ ಗೋಡೆಯ ಮೇಲೂ ಇರಲಿ.

ಇವತ್ತು ಸಂಜೆ ಮಗು ಶಾಲೆಯಿಂದ ಬಂದ ಮೇಲೆ ಬ್ಯಾಗನ್ನು ಒಮ್ಮೆ ತಳದ ತನಕ ಹುಡುಕಿ ನೋಡುವುದರಿಂದಲೇ ಶುರು ಮಾಡಬಹುದು.