‘ಛಕ್-ಛಕ್’ ಸದ್ದಿನ ಮೋಹ



ಈ ವಾರದ ಟಪಾಲಿನ ಕಟ್ಟಿನಲ್ಲಿ ಎಂದಿನಂತೆ ‘ನಮ್ಮ ಹೀರೋನ ಮುಂದಿನ ಪಿಕ್ಚರ್ ಯಾವಾಗ ಸಾರ್?’ ಎಂಬ ಕಾಗದಗಳೇ ಮುಕ್ಕಾಲು ಪಾಲು. ನಡುವೆ ಸಿಕ್ಕ ಒಂದು ಕಾಗದವನ್ನು ಓದುತ್ತ ಕೂತವನ ಕಾಫಿ ಆರಿಹೋಯಿತು ನೋಡಿ! ಬರೆದವನು ವಿಜಯನಗರದ ಹುಡುಗ. ವಯಸ್ಸು 20. ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನಲ್ಲಿ ಲೇತ್ ಕೆಲಸ. ‘ಸಾರ್, ಇಂಗ್ಲಿಷ್ ಪಿಕ್ಚರ್‌ನಲ್ಲಿ ಹೀರೋ ಛಕ್-ಛಕ್ ಅಂತ ಎಳೀತಾನಲ್ಲ, ಅಂಥ ಹಳೇ ಪಂಪ್ ಗನ್ ಒಂದು ತಗೋಬೇಕು ಅಂತ ಬಹಳ ಆಸೆ. ಕೆಂಗೇರಿ ಕಡೆಯವನೊಬ್ಬ ಪೇಪರ್ ಗೀಪರ್ ಏನೂ ಬೇಡ, ನಾನು ಕೊಡಿಸ್ತೀನಿ ಅಂತಾನೆ. ದುಡ್ಡು ಕೂಡಿಟ್ಟಿದ್ದೀನಿ. ಏನ್ಮಾಡ್ಲಿ?’

ತಮ್ಮಾ, ಮೊದಲು ಒಂದು ಮಾತು ಹೇಳಿಬಿಡ್ತೀನಿ. ಆ ಕೆಂಗೇರಿ ಆಸಾಮಿಗೆ ದೂರದಿಂದಲೇ ಕೈ ಮುಗಿದುಬಿಡು. ಯಾಕೆ ಅಂತ ಆಮೇಲೆ ಹೇಳ್ತೀನಿ. ಆದರೆ ನಿನ್ನ ಆಸೆಗೆ ನಾನು ಬೈಯುವುದಿಲ್ಲ. ಆ ಆಸೆಗೂ ಒಂದು ಮರ್ಯಾದೆ ಇದೆ.

ಕಿವಿಗೆ ಬಿದ್ದ ಮೋಹ

ಈ ಪಂಪ್ ಗನ್ನಿಗೆ ನಾವು ಸೋತದ್ದು ಕಣ್ಣಿನಿಂದಲ್ಲ, ಕಿವಿಯಿಂದ! ನಮ್ಮ ರಾಮನಗರದ ಬೆಟ್ಟದಲ್ಲಿ ತೆಗೆದ ‘ಶೋಲೆ’ (1975) ನೆನಪಿಸಿಕೊಳ್ಳಿ. ಗಬ್ಬರ್ ಸಿಂಗ್ ರಿವಾಲ್ವರಿನ ಚಕ್ರ ತಿರುಗಿಸುವಾಗ ಥಿಯೇಟರ್‌ಗೆ ಥಿಯೇಟರೇ ಉಸಿರು ಹಿಡಿದು ಕೂರುತ್ತಿತ್ತು. ಗುಂಡಿಗಿಂತ ಮೊದಲು ಬರುವ ಸದ್ದಿಗೇ ಬೆಲೆ ಹೆಚ್ಚು. ಪಂಪ್ ಗನ್ನಿನ ಛಕ್-ಛಕ್ ಕೂಡ ಅದೇ ಜಾತಿಯದು. ಮಾಗಡಿ ರಸ್ತೆಯ ವೀರೇಶ್‌ನಲ್ಲೋ ಪ್ರಸನ್ನದಲ್ಲೋ ಕತ್ತಲಲ್ಲಿ ಆ ಸದ್ದು ಬಂತೆಂದರೆ ಸೀಟಿ ಹೊಡೆಯದವನು ಯಾರು?

ಆದರೆ ಸಿನಿಮಾ ಮಂದಿಯ ಮೋಸ ನಿಮಗೆ ಗೊತ್ತಿರಲಿ. ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತದಲ್ಲ, ತೋಟಾಗಳು ಸಾಲಾಗಿ ಕೂರುವುದು ಅದರೊಳಗೆ. ಮುಂಗೈಯ ಮರದ ಹಿಡಿಯನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಆಚೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ ಕೂರುತ್ತದೆ. ಇಷ್ಟೇ ಮರ್ಮ. ಹೀರೋ ಡೈಲಾಗಿಗೆ ಒಮ್ಮೆ, ವಿಲನ್ನಿನ ಮುಖಕ್ಕೆ ಒಮ್ಮೆ, ಇಂಟರ್‌ವಲ್‌ಗೆ ಒಮ್ಮೆ ಅಂತ ಗುಂಡು ಹೊಡೆಯದೇ ಎಳೆಯುತ್ತ ಹೋದರೆ ಏನಾಗಬೇಕು? ಒಂದೊಂದು ಸಲಕ್ಕೂ ಒಂದೊಂದು ಒಳ್ಳೇ ತೋಟಾ ನೆಲಕ್ಕೆ ಬೀಳಬೇಕು! ಕ್ಲೈಮ್ಯಾಕ್ಸ್ ಹೊತ್ತಿಗೆ ಅವನ ಕೈಯಲ್ಲಿರುವುದು ಬರೀ ದೊಣ್ಣೆ.

ಇನ್ನೊಂದು ಮಾತು. ‘ಟರ್ಮಿನೇಟರ್ 2’ (1991) ಚಿತ್ರದಲ್ಲಿ ಆರ್ನಾಲ್ಡ್ ಬೈಕ್ ಮೇಲೆ ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸುವುದು ಪಂಪ್ ಗನ್ ಅಂತ ಪಂದ್ಯ ಕಟ್ಟುವವರು ಬಹಳ. ಸೋಲ್ತೀರಿ! ಅದು ಲಿವರ್ ಗನ್, ವಿಂಚೆಸ್ಟರ್ 1887. ಅಸಲಿ ಹಳೇ ಪಂಪ್ ಗನ್ ನೋಡಬೇಕಿದ್ದರೆ ‘ದಿ ವೈಲ್ಡ್ ಬಂಚ್’ (1969) ನೋಡಿ, ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ (2007) ನೋಡಿ. ಎರಡರಲ್ಲೂ ಇರುವುದು ವಿಂಚೆಸ್ಟರ್ 1897.

ಲೇತ್ ಹುಡುಗನಿಗೆ ಇಷ್ಟವಾಗುವುದು ಸಹಜ

1887, 1897 ಎರಡಕ್ಕೂ ನಕ್ಷೆ ಹಾಕಿದವನು ಒಬ್ಬನೇ, ಜಾನ್ ಬ್ರೌನಿಂಗ್. ಅಮೆರಿಕದ ಯೂಟಾದಲ್ಲಿ ಬಂದೂಕು ಮಾಡುವವನ ಮಗ. ನಮ್ಮ ಹುಡುಗನ ಹಾಗೇ ಕಬ್ಬಿಣದ ಪುಡಿಯಲ್ಲಿ ಬೆಳೆದವನು. 1897ರ ಮಾದರಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿ, 1957ರವರೆಗೂ ಕಾರ್ಖಾನೆಯಿಂದ ಹೊರಬರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದವರು ಅದನ್ನು ಕಂದಕಗಳಿಗೆ ಇಳಿಸಿದಾಗ ‘ಇದು ಅನ್ಯಾಯ’ ಎಂದು ಜರ್ಮನಿ 1918ರಲ್ಲಿ ಅಧಿಕೃತವಾಗಿಯೇ ಪ್ರತಿಭಟಿಸಿತು!

ಅದರ ನಂತರದ ಮಾಡೆಲ್ 12 ಬಂದದ್ದು 1912ರಲ್ಲಿ. ಗಟ್ಟಿ ಉಕ್ಕಿನ ದಿಮ್ಮಿಯನ್ನೇ ಕೊರೆದು ಕೊರೆದು ಅದರ ಒಡಲು ಮಾಡುತ್ತಿದ್ದರು. ಅಷ್ಟು ಕೆಲಸ ಮಾಡಿ ಮಾರಿದರೆ ಗಿಟ್ಟುವುದಿಲ್ಲ ಅಂತ 1964ರಲ್ಲಿ ಮಾಮೂಲಿ ತಯಾರಿಕೆ ನಿಲ್ಲಿಸಿದರು. 1950ರ ಸುಮಾರಿಗೆ ಬಂದ ರೆಮಿಂಗ್ಟನ್ 870ರಲ್ಲಿ ಒಳಗಿನ ಕೆಲವು ಭಾಗ ತಗಡು ಒತ್ತಿ ಮಾಡಿದವು. ಬೆಲೆ ಇಳಿಯಿತು, ಒಂದು ಕೋಟಿಗೂ ಮೇಲೆ ಖರ್ಚಾಯಿತು. ಆದರೂ ಬಲ್ಲವರು ಹುಡುಕುವುದು ಹಳೇ ಕೊರೆದ ಉಕ್ಕನ್ನೇ. ದಿನವಿಡೀ ಮಿಲ್ಲಿಂಗ್ ಮೆಷಿನ್ ಮುಂದೆ ನಿಲ್ಲುವವನಿಗೆ ಇದರ ಬೆಲೆ ನಾನು ಹೇಳಿಕೊಡಬೇಕೆ? ಮೂರು ತಲೆಮಾರು ಉಜ್ಜಿದರೂ ಸಡಿಲವಾಗದ ಕೆಲಸ. ಅದನ್ನು ಕಂಡು ಕೈ ತುರಿಸುವುದು ಪಾಪವಲ್ಲ.

ನಮ್ಮ ದೇಶದಲ್ಲಿ ಈ ಮೋಹಕ್ಕೆ ಇನ್ನೂ ಒಂದು ಕಾರಣವುಂಟು. 1980ರ ದಶಕದ ನಡುಭಾಗದಿಂದ ಸಾಮಾನ್ಯ ಜನ ಹೊರದೇಶದ ಬಂದೂಕು ತರಿಸಿಕೊಳ್ಳುವ ದಾರಿ ಮುಚ್ಚಿತು. ಹೆಸರುವಾಸಿ ಶೂಟಿಂಗ್ ಪಟುಗಳಿಗೆ ಮಾತ್ರ ಬಾಗಿಲು. ತಿರುಚ್ಚಿಯ ಸರ್ಕಾರಿ ಕಾರ್ಖಾನೆ 12 ಬೋರ್ ಪಂಪ್ ಗನ್ ತಯಾರಿಸಿದ್ದುಂಟು. ಆದರೆ ಹಳೇ ಫಾರಿನ್ ಮಾಲು ಎಂದರೆ ಈಗಾಗಲೇ ದೇಶದೊಳಗೆ ಇರುವುದಷ್ಟೇ. ಕೊಳ್ಳುವವರು ಹೆಚ್ಚು, ಮಾಲು ಕಡಿಮೆ. ಮೊದಲ ದಿನದ ಮೊದಲ ಆಟದ ಬ್ಲ್ಯಾಕ್ ಟಿಕೆಟ್ ಲೆಕ್ಕವೇ ಇಲ್ಲೂ!

ಬಸವೇಶ್ವರನಗರದ ಯಜಮಾನರು

ನನಗೆ ಪರಿಚಯದ ಹಿರಿಯರೊಬ್ಬರು ಬಸವೇಶ್ವರನಗರದಲ್ಲಿದ್ದಾರೆ. ಮೂಲ ಮೂಡಿಗೆರೆ ಕಡೆಯ ಕಾಫಿ ತೋಟದವರು. ತೋಟ ಮಾರಿ ಹೊರಟ ದೊರೆಯೊಬ್ಬನಿಂದ ಅವರ ತಂದೆ ಕೊಂಡ ಪಂಪ್ ಗನ್ ಈಗ ಇವರ ಬೀರುವಿನಲ್ಲಿದೆ, ಲೈಸೆನ್ಸ್ ಸಮೇತ. ಒಂದು ಭಾನುವಾರ ಹೋಗಿ ‘ತೋರಿಸಿ ಸಾರ್’ ಎಂದೆ.

ತಂದರು. ಸಿನಿಮಾದವರ ಹಾಗೆ ಬೀಸುತ್ತ ಬರಲಿಲ್ಲ, ಮಗು ಎತ್ತಿಕೊಂಡ ಹಾಗೆ ತಂದರು. ಬಾಯಿ ನೆಲದ ಕಡೆಗೆ. ಮೊದಲು ತೆರೆದು ಒಳಗೆ ಏನೂ ಇಲ್ಲವೆಂದು ತಾವು ನೋಡಿದರು, ಬೆರಳು ಹಾಕಿ ಮುಟ್ಟಿದರು, ಆಮೇಲೆ ನನಗೂ ತೋರಿಸಿದರು.

‘ನೆನ್ನೆ ನೀವೇ ಖಾಲಿ ಮಾಡಿ ಇಟ್ಟದ್ದಲ್ವಾ ಸಾರ್?’ ಎಂದೆ.

‘ನೆನ್ನೆ ಖಾಲಿ ಇತ್ತು ಕಣ್ರೀ. ಇವತ್ತಿನದು ಇವತ್ತು ನೋಡ್ಬೇಕು,’ ಎಂದರು.

ಸಿನಿಮಾದವರಿಗೆ ಈ ಪಾಠ ಕಲಿಯಲು ಎರಡು ಜೀವ ಹೋದವು. 1993ರಲ್ಲಿ ‘ದಿ ಕ್ರೋ’ ಚಿತ್ರದ ಸೆಟ್ಟಿನಲ್ಲಿ ಬ್ರೂಸ್ ಲೀಯ ಮಗ ಬ್ರಾಂಡನ್ ಲೀ. 2021ರಲ್ಲಿ ‘ರಸ್ಟ್’ ಚಿತ್ರದ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್. ಎರಡು ಕಡೆಯೂ ಅಪಾಯವಿಲ್ಲ ಎಂದು ನಂಬಿದ ರಿವಾಲ್ವರೇ.

ಯಜಮಾನರು ಒಂದೇ ಒಂದು ಸಲ ಎಳೆದು ತೋರಿಸಿದರು. ಅಬ್ಬಾ! ಥಿಯೇಟರಿನ ಸದ್ದಿನಷ್ಟು ಜೋರಿಲ್ಲ. ಎಣ್ಣೆ ಹಾಕಿದ ಹಳೇ ಬಾಗಿಲ ಚಿಲಕದಂತೆ ಮೆತ್ತಗೆ, ತೂಕವಾಗಿ. ಆಮೇಲೆ ಅವರ ಮಾತು ಬೇರೆ ಕಡೆ ಹೊರಳಿತು. ‘ತೋಟದಲ್ಲಿ ಕಾಡುಹಂದಿ ಬೆದರಿಸೋಕಾದ್ರೂ ಕೆಲಸ ಇತ್ತು ಇದಕ್ಕೆ. ಇಲ್ಲೇನು, ಪಾರಿವಾಳ! ಎಲೆಕ್ಷನ್ ಬಂದ್ರೆ ಸ್ಟೇಷನ್ನಿಗೆ ಒಪ್ಪಿಸೋದು, ಮುಗಿದ ಮೇಲೆ ಕ್ಯೂ ನಿಂತು ತರೋದು. ಮಗ ಬೇಡ ಅಂತಾನೆ. ಮನೇಲಿ ಚಿಕ್ಕ ಮಕ್ಕಳು, ಅವನ ಹೆಂಡತಿಗೆ ಭಯ. ತಪ್ಪಲ್ಲ ಬಿಡಿ. ನಾನು ಹೋದ ದಿನ ಇದು ಯಾರದು ಅಂತ ಯೋಚನೆ.’

ಅವರ ಯೋಚನೆ ಸುಮ್ಮನೆ ಅಲ್ಲ. ಅಪ್ಪನ ವಾಚು ಮಗ ಕಟ್ಟಿಕೊಂಡ ಹಾಗೆ ಅಪ್ಪನ ಕೋವಿಯನ್ನು ಎತ್ತಿಕೊಳ್ಳುವಂತಿಲ್ಲ. ವಾರಸುದಾರ ತನ್ನ ಹೆಸರಿನಲ್ಲಿ ಲೈಸೆನ್ಸ್ ಪಡೆಯಬೇಕು. ಇಲ್ಲವೇ ಲೈಸೆನ್ಸ್ ಇರುವ ಡೀಲರಿಗೋ ಠಾಣೆಗೋ ಒಪ್ಪಿಸಬೇಕು. 2019ರ ತಿದ್ದುಪಡಿಯ ಪ್ರಕಾರ ಒಬ್ಬನಿಗೆ ಎರಡೇ ಬಂದೂಕು. ಮೊದಲು ಮೂರಿತ್ತು. ಅಜ್ಜನ ಕಾಲದ್ದೂ ಆ ಎರಡರ ಲೆಕ್ಕದಲ್ಲೇ.

ಕೋವಿ ಮನೆಯ ಮಗನಾಗಿರುವ ಊರು

ಹಾಗಾದರೆ ಕೋವಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು ನಮ್ಮಲ್ಲಿ ಇಲ್ಲವೇ? ಇದ್ದಾರಲ್ಲ, ಕೊಡಗಿನಲ್ಲಿ! ವಿಷ್ಣುವರ್ಧನ್ ‘ಮುತ್ತಿನಹಾರ’ (1990) ಚಿತ್ರದಲ್ಲಿ ಆಗಿದ್ದರಲ್ಲ, ಆ ಕೊಡವ ವೀರನ ನಾಡು. ನಮ್ಮ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ ಸಾಹೇಬ 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಪಿಸ್ತೂಲು, ರಿವಾಲ್ವರಿಗೆ ಈ ರಿಯಾಯಿತಿ ಇಲ್ಲ.

ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು. ಮನೆಯಲ್ಲಿ ಸಾವಾದರೆ ಎರಡು ಈಡು. ಬೆಟ್ಟದಾಚೆಯವರಿಗೆ ಸುದ್ದಿ ಮುಟ್ಟುವುದು ಹಾಗೆ. ಹುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಕೋವಿ ಮಾತಾಡುತ್ತದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಹಬ್ಬ. ಕೋವಿಗಳನ್ನು ತೊಳೆದು ಒರೆಸಿ ದೇವರ ಮುಂದಿಟ್ಟು, ‘ತೋಕ್ ಪೂ’ ಅನ್ನುವ ಕೆಂಪು-ಹಳದಿ ಹೂ ಮುಡಿಸುತ್ತಾರೆ. ತೋಕ್ ಅಂದರೆ ಕೋವಿ; ಹೂವಿಗೇ ಕೋವಿಯ ಹೆಸರು! ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಆಯುಧಪೂಜೆಯ ದಿನ ನೀನು ಲೇತಿಗೆ ಕುಂಕುಮ ಇಟ್ಟು ಹೂ ಹಾಕುತ್ತೀಯಲ್ಲ ತಮ್ಮಾ, ಅದೇ ಭಾವ.

ಗಮನಿಸಿ, ಅಲ್ಲಿ ಕೋವಿ ಒಬ್ಬನ ಶೋಕಿಯಲ್ಲ. ಅದು ಮನೆತನದ್ದು. ಹುಟ್ಟಿಗೆ ಸಾಕ್ಷಿ, ಸಾವಿಗೆ ಸಾಕ್ಷಿ. ಅಂಥ ಮನೆಯಲ್ಲಿ ಬೆಳೆಯುವ ಹುಡುಗ ಕೋವಿಯನ್ನು ಬೀಸಿ ತೋರಿಸಲು ಹೋದರೆ ಮೊದಲು ಬೆನ್ನಿಗೆ ಬೀಳುವುದು ಅಜ್ಜನ ಕೈ!

ಈಗ ಆ ಕೆಂಗೇರಿ ಆಸಾಮಿ

ಕಾನೂನು ಚುಟುಕಾಗಿ ಹೇಳ್ತೀನಿ, ಕಟ್ ಮಾಡಿ ಇಟ್ಕೊಳ್ಳಿ. 21 ತುಂಬದವನಿಗೆ ಬಂದೂಕಿನ ಲೈಸೆನ್ಸ್ ಇಲ್ಲ. ನಮ್ಮೂರಿನಲ್ಲಿ ಕೊಡುವವರು ಪೊಲೀಸ್ ಕಮಿಷನರ್. ಅದಕ್ಕೆ ಕಾರಣ ಬೇಕು, ಠಾಣೆಯ ವರದಿ ಬೇಕು, ತರಬೇತಿಯ ಸರ್ಟಿಫಿಕೇಟ್ ಬೇಕು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಕಡಿಮೆ ಅಂದರೆ 2 ವರ್ಷ, 5 ವರ್ಷದವರೆಗೂ ಜೈಲು. ಲೈಸೆನ್ಸ್ ಇದ್ದವನೇ ಮದುವೆ, ಮೆರವಣಿಗೆ ಅಂತ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೈಯಲ್ಲಿ ಲೇತ್ ಇದೆ ಅಂತ ನಳಿಗೆ ಕತ್ತರಿಸಿ ಗಿಡ್ಡ ಮಾಡಲು ಹೋದರೆ ಅದೂ ಅಪರಾಧ. ಶಿಕಾರಿಯ ಮಾತಂತೂ ಬೇಡವೇ ಬೇಡ. 1972ರಲ್ಲಿ ವನ್ಯಜೀವಿ ಕಾನೂನು ಬಂತು, ಮರುವರ್ಷವೇ ‘ಗಂಧದ ಗುಡಿ’ಯಲ್ಲಿ ಅಣ್ಣಾವ್ರು ಫಾರೆಸ್ಟ್ ಆಫೀಸರಾಗಿ ನಿಂತು ನಮಗೆಲ್ಲ ಬುದ್ಧಿ ಹೇಳಿದರು.

ಪೇಪರ್ ಇಲ್ಲದ ಮಾಲು ಎಲ್ಲಿಂದ ಬಂತು? ಯಾರದೋ ಮನೆಯಲ್ಲಿ ಕದ್ದದ್ದಿರಬಹುದು. ಯಾರದೋ ಎದೆಗೆ ಹಾರಿಸಿದ್ದಿರಬಹುದು. ಕೊಟ್ಟವನು ನಾಳೆ ಊರು ಬಿಡುತ್ತಾನೆ, ನಂಬರ್ ಹುಡುಕಿಕೊಂಡು ಪೊಲೀಸರು ಬರುವುದು ನಿನ್ನ ಮನೆ ಬಾಗಿಲಿಗೆ. ಇನ್ನು ಹಳೇ ನಳಿಗೆಯೊಳಗೆ ತುಕ್ಕು ತಿಂದು ಗುಳಿ ಬಿದ್ದಿದ್ದರೆ? ಈಗಿನ ತೋಟಾಗಿಂತ ಗಿಡ್ಡ ತೋಟಾಕ್ಕೆ ಅಂತ ಕೊರೆದ ಬಂದೂಕಾಗಿದ್ದರೆ? ಸಿಡಿಯುವುದು ಎದುರಿನವನ ಮುಖವಲ್ಲ, ನಿನ್ನ ಕೈ. ಲೇತ್ ಹಿಡಿದು ಅನ್ನ ದುಡಿಯುವ ಕೈ.

ಅದಕ್ಕೇ ಹೇಳ್ತೀನಿ, ಆಸೆ ಇರಲಿ, ಅವಸರ ಬೇಡ. ಬೆಂಗಳೂರಿನಲ್ಲೇ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ಹೋಗಿ ವಿಚಾರಿಸು, ಏರ್ ರೈಫಲ್ಲಿನಿಂದ ಶುರು ಮಾಡು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ರಾಥೋಡ್ 12 ಬೋರ್ ಬಂದೂಕಿನಲ್ಲೇ ಮಣ್ಣಿನ ತಟ್ಟೆ ಒಡೆದು ಬೆಳ್ಳಿ ತಂದರು. ಗುರಿ ಅಂದರೆ ಅದು! 21 ದಾಟಿ, ಕೈ ಪಳಗಿ, ಆಗಲೂ ಆಸೆ ಉಳಿದಿದ್ದರೆ ಅರ್ಜಿ ಹಾಕು. ಆಗ ನಿನ್ನನ್ನು ಬಸವೇಶ್ವರನಗರದ ಯಜಮಾನರ ಮನೆಗೆ ನಾನೇ ಕರೆದುಕೊಂಡು ಹೋಗ್ತೀನಿ. ಕೊರೆದ ಉಕ್ಕಿನ ಬೆಲೆ ಗೊತ್ತಿರುವ ಹುಡುಗನೊಬ್ಬ ಕಾನೂನುಬದ್ಧವಾಗಿ ಕೊಳ್ಳಲು ಬಂದರೆ ಅವರ ಯೋಚನೆಯೂ ಅರ್ಧ ಇಳಿದೀತು.

ಅಲ್ಲಿಯವರೆಗೆ ಛಕ್-ಛಕ್ ಕೇಳಬೇಕು ಅನಿಸಿದರೆ ವೀರೇಶ್, ಪ್ರಸನ್ನ ಇದ್ದೇ ಇವೆ. ಟಿಕೆಟ್ಟಿಗೆ ಲೈಸೆನ್ಸ್ ಬೇಕಿಲ್ಲ. ಹೀರೋ ಎಷ್ಟು ಸಲ ಸುಮ್ಮನೆ ಪಂಪ್ ಎಳೆದ, ಎಷ್ಟು ತೋಟಾ ದಂಡ ಮಾಡಿದ ಅಂತ ಎಣಿಸಿ ನನಗೆ ಬರೆಯಿರಿ. ಹೆಚ್ಚು ಎಣಿಸಿದವರ ಕಾಗದ ಇದೇ ಪುಟದಲ್ಲಿ ಅಚ್ಚಾಗುತ್ತದೆ.

ಮುಂದಿನ ವಾರ ಮತ್ತೆ ಸಿಗೋಣ!