ಹಾರ ಹಾಕುವವರಿಗೆ ನಮ್ಮ ಪ್ರಶ್ನೆ



ಪಟ್ಟಣದ ಸೇವಾ ಕ್ಲಬ್ಬುಗಳು ವಾರಕ್ಕೊಮ್ಮೆ ಸೇರುತ್ತವೆ. ಗಂಟೆ ಬಾರಿಸುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಹಿಂದಿನ ವಾರದ ವರದಿ ಓದುತ್ತಾರೆ, ಯಾರದಾದರೂ ಹುಟ್ಟುಹಬ್ಬವಿದ್ದರೆ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಅತಿಥಿ ಭಾಷಣ. ಡಾಕ್ಟರ್, ತಹಶೀಲ್ದಾರ, ಬ್ಯಾಂಕ್ ಮ್ಯಾನೇಜರ್ ಎಲ್ಲ ಬಂದುಹೋದ ಮೇಲೆ ಒಂದು ವಾರ ಕ್ರೀಡಾಪಟುವಿನ ಸರದಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಓಡಿದವನೋ ಎಸೆದವನೋ ಎದ್ದು ನಿಂತು ಶಿಸ್ತು, ಪರಿಶ್ರಮ, ಗುರಿ ಎಂದು ನಾಲ್ಕು ಮಾತಾಡುತ್ತಾನೆ. ವಂದನಾರ್ಪಣೆಗೆ ನಿಂತವರು, ‘ನಮ್ಮ ಹಿಂದುಳಿದ ಭಾಗದ ಹುಡುಗರೂ ಇವರಂಗ ಕಷ್ಟಪಟ್ರ ಮ್ಯಾಲೆ ಬರ್ತಾರ’ ಅಂತಾರೆ. ಮಿರ್ಚಿ-ಭಜಿ, ಚಹಾ. ಸಭೆ ಮುಗಿಯಿತು.

ಅಣಕಿಸಲಿಕ್ಕೆಂದು ಇದನ್ನು ಬರೆಯುತ್ತಿಲ್ಲ. ಈ ಕ್ಲಬ್ಬುಗಳು ಕಣ್ಣಿನ ಶಿಬಿರ ಮಾಡಿವೆ, ಪೋಲಿಯೋ ಹನಿ ಹಾಕಿಸಿವೆ. ಆ ಹನಿ ನಮ್ಮ ಕೇರಿಯ ಕೂಸುಗಳ ಬಾಯಿಗೂ ಬಿದ್ದಿದೆ. ಅದನ್ನು ಮರೆಯುವವರು ನಾವಲ್ಲ. ಆದರೆ ‘ಕಷ್ಟಪಟ್ಟರೆ ಮೇಲೆ ಬರುತ್ತಾರೆ’ ಎನ್ನುವ ಮಾತು ಕೇಳಿ ಸುಮ್ಮನಿರಲು ನಮಗಾಗದು. ಸುರಪುರ, ಶಹಾಪುರ, ಯಾದಗಿರಿಯ ನಮ್ಮ ಮಂದಿ ಕಷ್ಟಪಡುವುದರಲ್ಲಿ ಯಾರಿಗೆ ಕಡಿಮೆ? ಕೃಷ್ಣೆಯ ನೀರು ಕಾಲುವೆಗೆ ಹರಿದ ಮೇಲೂ ಗುಳೆ ನಿಂತಿಲ್ಲ. ಬೆಂಗಳೂರಿನ ಏಳನೇ ಅಂತಸ್ತಿಗೆ ತಲೆ ಮೇಲೆ ಸಿಮೆಂಟಿನ ಪುಟ್ಟಿ ಹೊತ್ತು ಏರುವ ಅವ್ವನ ಪಕ್ಕ ಗಡಿಯಾರ ಹಿಡಿದು ನಿಂತವರು ಯಾರಾದರೂ ಇದ್ದಾರೆಯೆ?

ಒಂದು ಹೆಸರು ಹೇಳುತ್ತೇವೆ. ಪಾಲ್ವಣಕರ್ ಬಾಳೂ. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಜಾತಿ ಚಮ್ಮಾರ. (ಅವರನ್ನು ಏಕವಚನದಲ್ಲಿ ಕೂಗಿದವರು ಬೇಕಾದಷ್ಟಿದ್ದರು. ನಾವು ಬಹುವಚನದಲ್ಲೇ ಬರೆಯುತ್ತೇವೆ.) ಪುಣೆಯಲ್ಲಿ ಬಿಳಿಯರ ಜಿಮ್ಖಾನಾದ ಕ್ರಿಕೆಟ್ ಮೈದಾನ ಹಸನು ಮಾಡುವ ಕೆಲಸ, ತಿಂಗಳಿಗೆ 4 ರೂಪಾಯಿ ಪಗಾರ. ಸಾಹೇಬರ ಅಭ್ಯಾಸಕ್ಕೆಂದು ಬಾಳೂ ಗಂಟೆಗಟ್ಟಲೆ ಚೆಂಡು ಎಸೆದರು. ಬ್ಯಾಟು ಮಾತ್ರ ಅವರ ಕೈಗೆ ಬರಲಿಲ್ಲ. ಬೀಸುವುದು ದೊರೆಗಳ ಕೆಲಸ, ಎಸೆದು ಬೆವರುವುದು ಆಳಿನ ಕೆಲಸ. ಹೀಗೆ ಎಸೆದೆಸೆದೇ ಎಡಗೈ ಪಳಗಿತು. ಆಗ ಪುಣೆಯ ಹಿಂದೂ ತಂಡದವರಿಗೆ ಪೇಚಿಗಿಟ್ಟುಕೊಂಡಿತು. ಬಿಳಿಯರನ್ನು ಸೋಲಿಸಲು ಈ ಕೈ ಬೇಕು. ಆದರೆ ಈ ಕೈ ಮುಟ್ಟಬಾರದ್ದು. ಅದಕ್ಕೊಂದು ಉಪಾಯ ಕಂಡುಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುವುದು. ಚಹಾದ ಹೊತ್ತಿಗೆ ಬಾಳೂ ಹೊರಗೆ ನಿಲ್ಲುವುದು, ಕುಡಿದು ಬಿಸಾಕುವ ಮಣ್ಣಿನ ಕುಡಿಕೆಯಲ್ಲಿ ಕುಡಿಯುವುದು. ಚೆಂಡಿಗಿಲ್ಲದ ಮೈಲಿಗೆ ಕಪ್ಪು-ಬಸಿಗೆ ಎಲ್ಲಿಂದ ಬಂತು? ಶಾಸ್ತ್ರ ಓದಿದವರು ಹೇಳಬೇಕು.

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡದ ನಾಯಕ ಪಟಿಯಾಲಾದ ಮಹಾರಾಜ. ವಿಕೆಟ್ ಕಿತ್ತವರು ಬಾಳೂ, ಆ ಪ್ರವಾಸದಲ್ಲಿ ಎಲ್ಲ ಪಂದ್ಯ ಸೇರಿ 114. ಅಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಅವರ ತಮ್ಮ ವಿಠ್ಠಲನಿಗೆ ಅದು ಸಿಗಲು 1923 ಬರಬೇಕಾಯಿತು.

ಇಂಗ್ಲೆಂಡಿನಿಂದ ಬಂದ ಬಾಳೂ ಅವರಿಗೆ ಮುಂಬಯಿಯ ದಲಿತರು ಸನ್ಮಾನ ಮಾಡಿದರು. ಆ ಸಭೆಯ ಮಾನಪತ್ರದ ಹಿಂದೆ ಇದ್ದ ಕೈ ಆಗಿನ್ನೂ ಇಪ್ಪತ್ತರ ಆಸುಪಾಸಿನ ಭೀಮರಾವ್ ಅಂಬೇಡ್ಕರರದು ಎಂದು ರಾಮಚಂದ್ರ ಗುಹಾ ಬರೆದಿದ್ದಾರೆ. ಸನ್ಮಾನವೆಂದರೆ ನಮಗೆ ಅದು. ಅಲ್ಲಿ ಹಾರ ಹಾಕಿದವರೂ ಹಾಕಿಸಿಕೊಂಡವರೂ ಒಂದೇ ಕುಡಿಕೆಯ ನೋವು ಉಂಡವರು.

ಮುಂದಿನದನ್ನೂ ಮುಚ್ಚಿಡಬಾರದು. 1932ರ ಪುಣೆ ಒಪ್ಪಂದದ ಹೊತ್ತಿಗೆ ಬಾಳೂ ಗಾಂಧಿಯವರ ಕಡೆ ನಿಂತರು. 1937ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರ ಎದುರಿಗೆ ಕಾಂಗ್ರೆಸ್ ನಿಲ್ಲಿಸಿದ್ದು ಇದೇ ಬಾಳೂ ಅವರನ್ನು. ಸೋತರು. ನಮಗೆ ಅವರ ಮೇಲೆ ಸಿಟ್ಟಿಲ್ಲ. ಚಹಾ ಕುಡಿಯಲು ಹೊರಗೆ ನಿಲ್ಲಿಸಿದ ಸಮಾಜವೇ ತನಗೆ ಬೇಕಾದಾಗ ಅದೇ ಮನುಷ್ಯನನ್ನು ಮುಂದೆ ತಂದು ನಿಲ್ಲಿಸಿತಲ್ಲ, ಆ ಜಾಣತನವನ್ನು ನಾವು ಗುರುತಿಟ್ಟುಕೊಳ್ಳಬೇಕು.

ಇನ್ನೊಂದು ಮೈದಾನ. 1968ರ ಅಕ್ಟೋಬರ್ 16, ಮೆಕ್ಸಿಕೊ. 200 ಮೀಟರ್ ಓಟದಲ್ಲಿ ಬಂಗಾರ ಗೆದ್ದ ಟಾಮಿ ಸ್ಮಿತ್, ಕಂಚು ಗೆದ್ದ ಜಾನ್ ಕಾರ್ಲೋಸ್ ವೇದಿಕೆಗೆ ಬಂದದ್ದು ಬೂಟಿಲ್ಲದೆ, ಬರೀ ಕರಿ ಕಾಲುಚೀಲದಲ್ಲಿ. ಕರಿಯರ ಬಡತನ ಲೋಕಕ್ಕೆ ಕಾಣಲಿ ಎಂದು. ಕರಿ ಗವಸಿನ ಮುಷ್ಟಿ ಮೇಲೆತ್ತಿದರು. ಅವರನ್ನು ತಂಡದಿಂದ ಹೊರಹಾಕಿದರು. ಈ ಬೂಟಿನ ಸಂಗತಿ ನಮಗೆ ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಿರೀಕರು ಗೌಡರ ಮನಿ ಮುಂದ ಹಾಯುವಾಗ ಕೆರ ಕೈಯಾಗ ಹಿಡಕೊಂಡು ಹೋಗ್ತಿದ್ರು. ಆ ಕೆರ ಹೊಲಿದವರೂ ನಮ್ಮವರೇ.

ಹಳೇ ಕಾಲದ ಮಾತು ಬಿಡ್ರಿ ಎನ್ನುವವರು 2021 ನೆನಪು ಮಾಡಿಕೊಳ್ಳಲಿ. ಟೋಕಿಯೊದಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಹೆಣ್ಣುಮಗಳು. ನಾಲ್ಕು ದಿನಕ್ಕೆ ತಂಡ ಅರ್ಜೆಂಟೀನಾಕ್ಕೆ ಸೋತಿತು. ಹರಿದ್ವಾರದ ಹತ್ತಿರ ಅವರ ಮನೆಯ ಮುಂದೆ ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಹೆಚ್ಚಾಗಿದ್ದಕ್ಕೇ ಸೋತರೆಂದು ಬೈದರು. ಗೆದ್ದರೆ ದೇಶದ ಮಗಳು, ಸೋತರೆ ಕೇರಿಯ ಮಗಳು!

ಕ್ಲಬ್ಬುಗಳ ಕಡೆಗೆ ಬರೋಣ. 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ರೋಟರಿ ಕಟ್ಟಿದಾಗ ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂಬ ಕಟ್ಟಳೆ ಇತ್ತು. ಒಬ್ಬ ವಕೀಲ, ಒಬ್ಬ ವ್ಯಾಪಾರಿ, ಹೀಗೆ. ಈಗ ಅದು ಸಡಿಲಾಗಿದೆ. 1989ರವರೆಗೆ ಹೆಂಗಸರಿಗೆ ಬಾಗಿಲೇ ಇರಲಿಲ್ಲ, ಅದೂ ತೆರೆಯಿತು. ಅವರದೇ ನಾಲ್ಕು ಪ್ರಶ್ನೆಗಳ ಪರೀಕ್ಷೆಯಲ್ಲಿ ಒಂದು, ಮಾಡುವ ಕೆಲಸ ಎಲ್ಲರಿಗೂ ನ್ಯಾಯವೋ ಎಂದು ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಕಸುಬಿನ ಲೆಕ್ಕವನ್ನೇ ಹಿಡಿದು ನಾವೂ ಕೇಳುತ್ತೇವೆ: ಹಲಗೆ ಬಾರಿಸುವ ಕಸುಬಿನವನು, ಕೆರ ಹೊಲಿಯುವವನು, ಊರಿನ ಗಟಾರು ಬಳಿಯುವ ಪೌರಕಾರ್ಮಿಕ, ಇವರಿಗೆ ಆ ಪಟ್ಟಿಯಲ್ಲಿ ಎಲ್ಲಿ ಜಾಗ? ಬೇರೆ ದೇಶದಲ್ಲಿ ಕಸುಬು ಆರಿಸಿಕೊಳ್ಳುವಂಥದ್ದು. ಇಲ್ಲಿ ಹೊಕ್ಕುಳಬಳ್ಳಿಯ ಜೊತೆ ಬರುತ್ತದೆ.

ನೌಕರಿ ಹಿಡಿದು ಕ್ಲಬ್ ಸೇರಿದ ನಮ್ಮ ಅಣ್ಣಂದಿರಿಗೂ ಒಂದು ಮಾತು. ಸೇರಿದ್ದು ತಪ್ಪಲ್ಲ. ಅಲ್ಲಿ ಕೂತು ಕೇರಿಯ ಹೆಸರು ನುಂಗಬೇಡ್ರಿ. ಹಾರದ ಖರ್ಚಿನ ಲೆಕ್ಕ ಬಂದಾಗ ಬಾಯಿ ಬಿಡ್ರಿ.

ನಾವು ಕೇಳುವುದು ಇಷ್ಟು. ಮುಂದಿನ ಸಲ ಕ್ರೀಡಾಪಟು ಬಂದಾಗ ಆ ವಾರದ ಸಭೆಯನ್ನು ಹೋಟೆಲಿನ ಮಹಡಿಯಲ್ಲಿ ಮಾಡಬೇಡಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಬನ್ನಿ, ಹೆಣ್ಣುಮಕ್ಕಳ ಹಾಸ್ಟೆಲಿಗೂ ಬನ್ನಿ. ಬಂದವರು ಶಿಸ್ತಿನ ಮಾತು ಆಮೇಲೆ ಆಡಲಿ. ಮೊದಲ ಬೂಟು ಯಾರು ಕೊಡಿಸಿದರು, ಓಡಲು ಜಾಗ ಎಲ್ಲಿ ಸಿಕ್ಕಿತು, ಹೊಟ್ಟೆಗೆ ಏನು ತಿಂದರು, ಯಾರು ಅಡ್ಡ ಬಂದರು, ಇದನ್ನು ಮೊದಲು ಹೇಳಲಿ. ನಮ್ಮ ಹುಡುಗ ಹುಡುಗಿಯರು ಪ್ರಶ್ನೆ ಕೇಳುತ್ತಾರೆ, ಸಿಟ್ಟಾಗಬಾರದು. ಶಾಲು, ಹಾರ, ಬುಟ್ಟಿಯ ದುಡ್ಡಿನಲ್ಲಿ ನಾಲ್ಕು ಜೊತೆ ಓಟದ ಬೂಟು ತನ್ನಿ. ಅಳತೆ ನಾವು ಮೊದಲೇ ಬರೆದು ಕಳಿಸುತ್ತೇವೆ. ಚಹಾ ನಮ್ಮದು, ಹಾಸ್ಟೆಲಿನ ಸ್ಟೀಲ್ ಲೋಟದಲ್ಲಿ, ಎಲ್ಲರಿಗೂ. ಶನಿವಾರ ಮಧ್ಯಾಹ್ನದ ಮೇಲಾದರೆ ಮಕ್ಕಳು ಬಿಡುವಾಗಿರುತ್ತಾರೆ.